ಹಂಪಕ್ಕ ಏಳಂಗಿಲ್ಲ

"ನಿಲ್ಲಸ್ರಿ! ಏನ್ ಮಾಡಾಕ ಹತ್ತೀರಿ ನೀವು? ನೆಟ್ಟ ಸಸಿ ಎಲ್ಲಾ ತುಳದು ಹಾಳು ಮಾಡಾಕ ಹತ್ಯಾಳಲ್ಲ ಆಕಿ!"

ಬದುವಿನ ಮೇಲಿಂದ ಬಂದ ಆ ಕೂಗಿಗೆ ಕ್ಯಾಮೆರಾ ನಿಂತುಹೋಯಿತು. ಮೊಣಕಾಲುದ್ದ ಕೆಸರಿನಲ್ಲಿ ಸಸಿಯ ಕಟ್ಟು ಹಿಡಿದು ನಿಂತಿದ್ದ ಬೆಂಗಳೂರಿನ ನಟಿ ಗಾಬರಿಯಾಗಿ ಸುತ್ತ ನೋಡಿದಳು.

ಎರ್ರಿಸ್ವಾಮಿಯ ಮುಖ ಕೆಂಪಾಯಿತು. ಪುಣೆಯಲ್ಲಿ ಮೂರು ವರ್ಷ ಸಿನಿಮಾ ಕಲಿತು ಬಂದು, ಟಿವಿಗೆಂದು ಮಾಡುತ್ತಿದ್ದ ಮೊದಲ ಧಾರಾವಾಹಿ ಅವನದು. ಹಂಪಕ್ಕ ಎಂಬ ರೈತ ಹೆಂಗಸಿನ ಕಥೆ, ಹದಿಮೂರು ಕಂತು. ಬೆಳಗಿನಿಂದ ಆರನೇ ಸಲ ತೆಗೆಯುತ್ತಿದ್ದ ದೃಶ್ಯ ಅದು!

"ಯಾರದು? ನಡುವ ಬಾಯಿ ಹಾಕಿದ್ದು ಯಾರು?"

"ನಾನು. ಪಾರಮ್ಮ ಅಂತ. ಈ ಗದ್ದಿಗೆ ನಾಟಿಗೆ ಬಂದಾಕಿ."

ಇಪ್ಪತ್ತೆರಡು ವರ್ಷದ ಹುಡುಗಿ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ತಲೆಗೆ ಸುತ್ತಿದ್ದ ಟವೆಲ್ಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣಲ್ಲಿ ಮಾತ್ರ ಹೆದರಿಕೆಯ ಸುಳಿವೇ ಇಲ್ಲ!

"ನಾಟಿ ಮಾಡೋರು ಹಿಂದಕ್ಕ ಹೆಜ್ಜಿ ಇಡ್ತಾರ್ರಿ" ಎಂದಳು. "ಮುಂದಕ್ಕ ಹೋದ್ರ ತಾವು ನೆಟ್ಟಿದ್ದನ್ನ ತಾವ ತುಳೀತಾರ. ನಿಮ್ಮ ಹಂಪಕ್ಕ ಹುಟ್ಟಿದಾಗಿಂದ ಗದ್ದ್ಯಾಗ ಇರಾಕಿ ಅಂತೀರಿ. ಆಕೀಗೆ ಇಷ್ಟು ಗೊತ್ತಿಲ್ಲೇನು?"

ಎರ್ರಿಸ್ವಾಮಿಗೆ ಸಿಟ್ಟು ಬಂದದ್ದು ಅವಳು ತಪ್ಪು ಹೇಳಿದ್ದಕ್ಕಲ್ಲ, ಸರಿ ಹೇಳಿದ್ದಕ್ಕೆ. ತಾನು ಬಳ್ಳಾರಿಯವನೇ. ಆದರೂ ಇಷ್ಟು ಚಿಕ್ಕ ಸಂಗತಿ ಕಣ್ಣಿಗೆ ಬಿದ್ದಿರಲಿಲ್ಲವಲ್ಲ!

"ಟಿವಿಯಾಗ ಅದು ಯಾರಿಗೂ ಗೊತ್ತಾಗಂಗಿಲ್ಲ" ಎಂದ ಬಿಗುವಾಗಿ.

"ಯಾರಿಗೂ ಅಂದ್ರ ಯಾರಿಗ್ರಿ? ನಾವು ಟಿವಿ ನೋಡಂಗಿಲ್ಲೇನು?"

ರಾರಾವಿ ಊರಿನ ಆ ಗದ್ದೆಯಲ್ಲಿ ಸಾಲಾಗಿ ಬಗ್ಗಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು.  ಪಾರಮ್ಮ ಎರ್ರಿಸ್ವಾಮಿಯನ್ನು ದಿಟ್ಟಿಸಿ ನೋಡುತ್ತಲೇ ಇದ್ದಳು... ಮೊದಲು ಕಣ್ಣು ತಪ್ಪಿಸಿದವನು ಅವನೇ.

ಅದು ೧೯೮೭ರ ಮಳೆಗಾಲ.

*

ಎರಡೇ ದಿನಕ್ಕೆ ಬೆಂಗಳೂರಿನ ನಟಿಯ ಕಾಲಿನಲ್ಲಿ ಕೆಸರಿಗೆ ಬೊಬ್ಬೆಗಳೆದ್ದವು. ಮೂರನೇ ದಿನ ಅವಳು ಬಸ್ಸು ಹತ್ತಿ ಹೊರಟೇಬಿಟ್ಟಳು.

ಅಂದು ಸಂಜೆ ಎರ್ರಿಸ್ವಾಮಿ ಪಾರಮ್ಮನ ಮನೆಯ ಮುಂದೆ ಬಂದು ನಿಂತ. ಒಳಗೆ ಅವಳ ತಾಯಿ ಪಕ್ಕೀರಮ್ಮ ರೊಟ್ಟಿ ಬಡಿಯುತ್ತಿದ್ದಳು. ತಂದೆ ಇಲ್ಲದ ಮನೆ. ತಾಯಿ ಮಗಳು ಇಬ್ಬರೂ ಕೂಲಿಗೆ ಹೋಗಿ ಬದುಕುತ್ತಿದ್ದರು. ಕೂಲಿ ಮಾಡುತ್ತಲೇ ಪಾರಮ್ಮ ಹತ್ತನೇ ತರಗತಿ ಮುಗಿಸಿದ್ದಳು.

"ನೀವು ಮಾಡ್ತೀರೇನು... ಹಂಪಕ್ಕನ ಪಾತ್ರ?"

ಪಕ್ಕೀರಮ್ಮನ ಕೈ ಹಿಟ್ಟಿನ ಮೇಲೆಯೇ ನಿಂತಿತು. "ಏನಪ್ಪಾ ನೀ ಹೇಳೋದು? ಬಣ್ಣ ಹಚ್ಚಿಕೊಂಡಾಕೀನ ನಾಳೆ ಯಾರು ಮದಿವಿ ಮಾಡ್ಕೊಂತಾರ?"

"ಕೆಸರು ಹಚ್ಚಿಕೊಂಡಾಕೀನ ಯಾರು ಬಂದು ಮಾಡ್ಕೊಂಡಾರ ಈಗ?" ಎಂದಳು ಪಾರಮ್ಮ. ಕೈ ಚಾಚಿ, "ಎಲ್ಲೈತ್ರಿ ಮಾತು ಬರದಿದ್ದು? ಕೊಡ್ರಿ" ಎಂದಳು.

ಹಾಳೆ ತಿರುವಿ ಗಟ್ಟಿಯಾಗಿ ಓದಿದಳು. "'ನಾನು ಈ ಸ್ಥಳದಿಂದ ಕದಲುವುದಿಲ್ಲ. ನನಗೆ ನ್ಯಾಯ ದೊರೆಯಬೇಕು.' ಹಿಂಗ ಯಾರು ಮಾತಾಡ್ತಾರ್ರಿ ನಮ್ಮೂರಾಗ? ಕೋರ್ಟಿನಾಗ ಆರ್ಡರ್ ಓದಿದಂಗೈತಿ!"

"ಟಿವಿ ಅಂದ್ರ... ಎಲ್ಲಾರಿಗೂ ತಿಳೀಬೇಕಲ್ಲ..."

"ಅವರ ಮಾತು ನಮಗ ತಿಳೀತೈತಿ. ನಮ್ಮ ಮಾತು ಅವರಿಗೆ ಯಾಕ ತಿಳಿಯಂಗಿಲ್ಲ? ನೋಡ್ರಿ ಸರ, ನಾ ಮಾಡ್ತೀನಿ. ಆದ್ರ ಹಂಪಕ್ಕ ನನ್ನಂಗ ಮಾತಾಡ್ತಾಳ. ಒಪ್ಪಿದ್ರ ನಾಳೆ ಬರ್ತೀನಿ. ಇಲ್ಲಂದ್ರ ನನಗ ನಾಟಿ ಐತಿ."

ಎರ್ರಿಸ್ವಾಮಿ ಅವಳನ್ನೇ ನೋಡಿದ. ಎರಡು ವರ್ಷದಿಂದ ತಾನು ಕಾಗದದ ಮೇಲೆ ಹುಡುಕುತ್ತಿದ್ದ ಹಂಪಕ್ಕ ಇಲ್ಲಿ, ಈ ಒಲೆಯ ಹೊಗೆಯಲ್ಲಿ ನಿಂತು ತನ್ನನ್ನೇ ಬಯ್ಯುತ್ತಿದ್ದಾಳೆ!

"ಒಪ್ಪಿದೆ" ಎಂದ.

*

ಆ ಧಾರಾವಾಹಿಯ ಹೆಸರು 'ಕೊನೇ ತೂಬು'.

ಗಂಡ ಬಿಟ್ಟುಹೋದ ಹಂಪಕ್ಕನ ಹೊಲ ಕಾಲುವೆಯ ಕಟ್ಟಕಡೆಯ ತೂಬಿನ ಬಳಿ ಇದೆ. ಮೇಲಿನ ದೊಡ್ಡ ರೈತರು ನೀರನ್ನು ನಡುವೆಯೇ ತಡೆದುಕೊಳ್ಳುತ್ತಾರೆ. ಬೇಡಿ ಬೇಡಿ ಸಾಕಾದ ಹಂಪಕ್ಕ ಒಂದು ದಿನ ಹೋಗಿ ಮೇಲಿನ ತೂಬಿನ ಮೇಲೆ ಕೂತುಬಿಡುತ್ತಾಳೆ. ಇಷ್ಟೇ ಕಥೆ.

ಕೊನೆಯ ಕಂತಿನಲ್ಲಿ ಓಡಿಹೋದ ಗಂಡ ಊರ ಹಿರಿಯರನ್ನು ಕಟ್ಟಿಕೊಂಡು ಬರುತ್ತಾನೆ. "ಏಳು, ಮನಿಗೆ ನಡಿ. ನೀರು ನಾ ಬಿಡಿಸ್ತೀನಿ" ಎನ್ನುತ್ತಾನೆ. ಬರೆದ ಹಾಳೆಯಲ್ಲಿ ಅವಳು ಅಳಬೇಕಿತ್ತು. ಆದರೆ ಕ್ಯಾಮೆರಾ ಓಡುತ್ತಿದ್ದಾಗ ಪಾರಮ್ಮ ಅಳಲಿಲ್ಲ. ಅವನ ಮುಖ ನೋಡಿ ನಿಧಾನವಾಗಿ ಹೇಳಿದಳು.

"ನೀರು ಬರೋತನ ನಾ ಏಳಂಗಿಲ್ಲ. ನೀರು ಬಂದ ಮ್ಯಾಲೂ ನೀ ಹೇಳಿದ್ದಕ್ಕ ಏಳಂಗಿಲ್ಲ."

ಎರ್ರಿಸ್ವಾಮಿ 'ಕಟ್' ಹೇಳುವುದನ್ನೇ ಮರೆತ.

ಮುಂದಿನ ವರ್ಷ ಟಿವಿಯಲ್ಲಿ ಅದು ಬರಲು ಶುರುವಾದಾಗ ಯಾರೂ ಹೆಚ್ಚು ಗಮನಿಸಲಿಲ್ಲ. ಐದನೇ ವಾರದ ಹೊತ್ತಿಗೆ ಗುರುವಾರ ಸಂಜೆ ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಹೆಂಗಸರು ಬೇಗ ಕೆಲಸ ಬಿಡತೊಡಗಿದರು. ಕುರುಗೋಡಿನ ರೇಡಿಯೋ ಅಂಗಡಿಯವನು ಟಿವಿಯನ್ನು ಹೊರಗೆ ಬೆಂಚಿನ ಮೇಲೆ ಇಟ್ಟ. ಸಿರುಗುಪ್ಪದಲ್ಲಿ ಒಂದು ದಿನ ಡ್ರೈವರ್ ಹೆಂಗಸರನ್ನು ಹತ್ತಿಸಿಕೊಳ್ಳದೆ ಬಸ್ಸು ಬಿಡಲು ಹೋದಾಗ, ಗಿರಣಿಯ ಜಡೆಮ್ಮ ಬಸ್ಸಿನ ಮುಂದೆ ಕಾಲು ಚಾಚಿ ಕೂತು "ನಾ ಏಳಂಗಿಲ್ಲ!" ಎಂದಳಂತೆ. ಬಸ್ಸಿನಲ್ಲಿದ್ದವರೇ ಚಪ್ಪಾಳೆ ತಟ್ಟಿದರಂತೆ!

ಪಾರಮ್ಮ ಸಂತೆಗೆ ಹೋದರೆ "ಹಂಪಕ್ಕಾ..." ಎಂದು ಕರೆಯುವವರೇ ಎಲ್ಲ.

ಅವಳ ಹೆಸರಿಗೆ ಬಂದ ಪತ್ರಗಳನ್ನು ಎರ್ರಿಸ್ವಾಮಿ ವಾರಕ್ಕೊಮ್ಮೆ ಚೀಲದಲ್ಲಿ ತುಂಬಿಕೊಂಡು ರಾರಾವಿಗೆ ಬರುತ್ತಿದ್ದ. ಹೊಳೆಯ ದಂಡೆಯಲ್ಲಿ ಕೂತು ಇಬ್ಬರೂ ಓದುತ್ತಿದ್ದರು. ಒಂದು ದಿನ ಪಾರಮ್ಮ ಒಂದು ಪತ್ರವನ್ನು ಗಟ್ಟಿಯಾಗಿ ಓದಿದಳು.

"'ತಾಯೀ, ಗಂಡ ಕರೆದಾಗಲೆಲ್ಲ ನಾನು ಹನ್ನೊಂದು ವರ್ಷದಿಂದ ಎದ್ದು ನಿಲ್ಲುತ್ತಲೇ ಇದ್ದೆ. ನಿಮ್ಮನ್ನು ನೋಡಿದ ಮೇಲೆ ನಿನ್ನೆ ಮೊದಲನೇ ಸಲ ಕೂತೆ...'"

ಕಣ್ಣೊರೆಸಿಕೊಳ್ಳಲು ಅವಳು ಸೆರಗು ಹುಡುಕುತ್ತಿದ್ದಾಗ ಎರ್ರಿಸ್ವಾಮಿ ತನ್ನ ಕರ್ಚೀಫು ಚಾಚಿದ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ...

"ಪಾರಮ್ಮಾ... ನಿಮಗ ಒಂದು ಮಾತು ಹೇಳಬೇಕಂತ ಭಾಳ ದಿನದಿಂದ..."

"ಹೇಳ್ರಿ."

ಅವನು ಹೊಳೆಯನ್ನು ನೋಡಿದ. "ಇನ್ನೊಮ್ಮೆ ಹೇಳ್ತೀನಿ."

'ಇಷ್ಟು ಓದಿದ ಮನುಷ್ಯಾಗ ಒಂದು ಮಾತು ಬಾಯಾಗ ಬರಲಿಲ್ಲ!' ಎಂದುಕೊಂಡಳು ಪಾರಮ್ಮ. ಬೇಜಾರೂ ಆಯಿತು, ನಗುವೂ ಬಂತು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಬೆರಳು ಬೆಚ್ಚಗೇ ಇತ್ತು.

*

'ಇನ್ನೊಮ್ಮೆ' ಬರಲಿಲ್ಲ. ಬಂದದ್ದು ಸಿನಿಮಾ.

ಬಳ್ಳಾರಿಯಲ್ಲಿ ಎರಡು ಟಾಕೀಸುಗಳ ಮಾಲೀಕರಾಗಿದ್ದ ಹಾಲಸಿದ್ದಪ್ಪನವರು 'ಕೊನೇ ತೂಬು' ಧಾರಾವಾಹಿಯನ್ನು ಸಿನಿಮಾ ಮಾಡುವುದಾಗಿ ಎರ್ರಿಸ್ವಾಮಿಯಿಂದ ಹಕ್ಕು ಬರೆಸಿಕೊಂಡರು. "ಹಂಪಕ್ಕ ಅಂದ್ರ ಪಾರಮ್ಮನ. ಆಕಿ ಇಲ್ಲಂದ್ರ ಸಿನಿಮಾ ಇಲ್ಲ" ಎಂದು ಅವನು ಹೇಳಿದಾಗ ಅವರು ನಗುತ್ತ ತಲೆಯಾಡಿಸಿದ್ದರು. ಆ ಭರವಸೆಯ ಮೇಲೆ ಅವನು ಸಿನಿಮಾದ ತಯಾರಿಗೆಂದು ಮದರಾಸಿಗೆ ಹೋದ.

ಒಂದು ತಿಂಗಳಾಯಿತು. ಎರಡು ತಿಂಗಳಾಯಿತು. ರಾರಾವಿಗೆ ಒಂದು ಸುದ್ದಿಯೂ ಬರಲಿಲ್ಲ.

ಕೊನೆಗೆ ಹಾಲಸಿದ್ದಪ್ಪನವರ ಕಚೇರಿಯಿಂದ ಕಾಗದ ಬಂತು. 'ಚಿತ್ರೀಕರಣದ ವಿಷಯ ಮಾತಾಡುವುದಿದೆ, ಬಳ್ಳಾರಿಗೆ ಬರಬೇಕು.' ಪಾರಮ್ಮ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದುಟ್ಟು ಬೆಳಗಿನ ಬಸ್ಸಿಗೇ ಹೊರಟಳು.

ಟಾಕೀಸಿನ ಮಹಡಿಯ ಮೇಲೆ ಕಚೇರಿ. ಹಾಲಸಿದ್ದಪ್ಪನವರು ಅವಳಿಗೆ ಕೂಡಲು ಹೇಳಲಿಲ್ಲ.

"ನೋಡವಾ, ನಿನಗ ಒಂದು ಪಾತ್ರ ಇಟ್ಟೀವಿ. ಹಂಪಕ್ಕನ ಮನಿ ಕೆಲಸದಾಕಿ. ನಗಸೋ ಪಾತ್ರ. ನಿನ್ನ ಮಾತಿನ ವರಸಿ ಕೇಳಿದ್ರ ಬೆಂಗಳೂರು, ಮೈಸೂರಾಗ ಜನ ಬಿದ್ದು ಬಿದ್ದು ನಗ್ತಾರ!"

ಪಾರಮ್ಮನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. "ಹಂಪಕ್ಕಗ ಮನಿ ಕೆಲಸದಾಕೀನಾ? ಆಕೀಗೆ ಉಣ್ಣಾಕ ಇಲ್ಲರಿ, ಅದಕ್ಕ ತೂಬಿನ ಮ್ಯಾಲ ಕುಂತಾಳ!"

"ಅದು ಟಿವಿಯಾಗ. ಸಿನಿಮಾ ಅಂದ್ರ ಸ್ವಲ್ಪ ದೊಡ್ಡದಾಗಿ ಇರಬೇಕಲ್ಲ? ಹೀರೋಯಿನ್ ಮದರಾಸಿಂದ ಬರ್ತಾಳ. ಕೊನಿಗೆ ಹೀರೋ ಕುದುರಿ ಮ್ಯಾಲ ಬಂದು ಹೊಡದಾಡಿ ತೂಬು ತಗೀತಾನ. 'ಏಳು' ಅಂತಾನ. ಆಕಿ ಎದ್ದು ಕಾಲಿಗೆ ಬೀಳ್ತಾಳ. ಅಲ್ಲಿಗೆ ಶುಭಂ."

ಎದ್ದು... ಕಾಲಿಗೆ ಬೀಳ್ತಾಳೆ!

"ಇದನ್ನ ಬರದವರು ಯಾರ್ರಿ?"

"ಎರ್ರಿಸ್ವಾಮಿ ಸಿನಿಮಾ ಅಲ್ಲೇನವಾ ಇದು? ಹೀರೋಯಿನ್ನನ್ನೂ ಅವರ ಆರಿಸಿದ್ದು."

ಅಷ್ಟರಲ್ಲಿ ಬಾಗಿಲು ತೆರೆದು ಎರ್ರಿಸ್ವಾಮಿ ಒಳಗೆ ಬಂದ. ಅವಳನ್ನು ಕಂಡವನೇ ಬಾಗಿಲಲ್ಲೇ ನಿಂತ. ಎಷ್ಟು ಸೊರಗಿದ್ದಾನೆ! ಒಂದು ಗಳಿಗೆ ಪಾರಮ್ಮನ ಎದೆ ಕರಗಿತು. ಆದರೆ ಅವನ ಮುಖದಲ್ಲಿ ನಗು ಇರಲಿಲ್ಲ.

"ಆರಾಮದೀರೇನು?" ಎಂದ, ಯಾರೋ ಅಪರಿಚಿತರನ್ನು ಕೇಳುವ ಹಾಗೆ. "ಸಂತೋಷದ ಸುದ್ದಿ ಕೇಳಿದೆ."

'ನನ್ನ ತಗದು ಹಾಕಿ, ಸಂತೋಷದ ಸುದ್ದಿ ಅಂತಾನ!'

"ನಾನೂ ಈಗಷ್ಟ ಕೇಳಿದೆ" ಎಂದಳು. "ಭಾಳ ಸಂತೋಷ ಆತು ಸರ."

"ನಿಮ್ಮ ಮನಸಿಗೆ ಒಪ್ಪಿಗಿ ಇದ್ರ... ನಂದೇನೈತಿ."

"ನನ್ನ ಒಪ್ಪಿಗಿ ಯಾರಿಗೆ ಬೇಕಾಗಿತ್ರಿ? ನೀವು ಮಾರಿದ್ದು ಕಥೀನಲ್ಲ. ನನ್ನ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಕೇಳಲು ನಿಲ್ಲಲಿಲ್ಲ. ದಡದಡನೆ ಮೆಟ್ಟಿಲಿಳಿದು ಬೀದಿಗೆ ಬಂದಳು. ಬಿಸಿಲಿಗೆ ಎದುರಿನ ಗುಡ್ಡ ಕಣ್ಣು ಕುಕ್ಕುತ್ತಿತ್ತು. ಬಸ್ ಸ್ಟ್ಯಾಂಡಿನವರೆಗೂ ಅತ್ತಳು. ಬಸ್ಸಿನಲ್ಲಿ ಕೂತ ಮೇಲೆ ಅಳು ನಿಂತಿತು.

'ಅವನು ನನ್ನ ಬಿಟ್ಟದ್ದು ಬ್ಯಾರೆ. ಹಂಪಕ್ಕನ್ನ ಎಬ್ಬಸ್ತೀನಿ ಅಂದ್ರ ಬಿಡ್ತೀನೇನು?'

*

ಬಾದನಹಟ್ಟಿಯ ಹತ್ತಿರ ಕಾಲುವೆಯ ಮೇಲೆ ಚಿತ್ರೀಕರಣ. ವ್ಯಾನು, ಜನರೇಟರು, ಬಣ್ಣದ ಕೊಡೆಗಳು, ಬಿಳಿಯ ಕುದುರೆ. ಬೆಳಿಗ್ಗೆ ಎಂಟಕ್ಕೆ ಎಲ್ಲ ಸಿದ್ಧವಾದಾಗ ತೂಬಿನ ಮೇಲೆ ಯಾರೋ ಕೂತಿರುವುದು ಕಂಡಿತು.

ಪಾರಮ್ಮ! ಕೆಲಸಕ್ಕೆ ಉಡುವ ಸೀರೆಯಲ್ಲಿ, ಮಡಿಲಲ್ಲಿ ಬುತ್ತಿ ಗಂಟು ಇಟ್ಟುಕೊಂಡು ಕೂತಿದ್ದಳು.

"ಏಯ್, ಏಳವಾ! ಶಾಟ್ ಐತಿ" ಎಂದು ಯಾರೋ ಕೂಗಿದರು.

"ಏಳಂಗಿಲ್ಲ."

ಹಾಲಸಿದ್ದಪ್ಪನವರೇ ಕೊಡೆ ಹಿಡಿದುಕೊಂಡು ಬಂದರು. "ಏನಿದು ನಾಟಕ?"

"ನಾಟಕ ಅಲ್ಲರಿ. ಈ ಕಥಿ ಹದಿಮೂರು ವಾರ ಜನರ ಮುಂದ ನಡದೈತಿ. ಹಂಪಕ್ಕ ಯಾರ ಕಾಲಿಗೂ ಬಿದ್ದಾಕಿ ಅಲ್ಲ. ಆಕಿ ಹೆಸರಿಟ್ಟು ಬ್ಯಾರೆ ಕಥಿ ಮಾಡಬ್ಯಾಡ್ರಿ. ಬ್ಯಾರೆ ಹೆಸರು ಇಡ್ರಿ, ಆಕಿ ಹೀರೋನ ಕಾಲಿಗರ ಬೀಳ್ಲಿ, ಕುದುರಿ ಕಾಲಿಗರ ಬೀಳ್ಲಿ, ನಾ ಎದ್ದು ಹೋಗ್ತೀನಿ."

"ಪೊಲೀಸರನ್ನ ಕರಸ್ತೀನಿ!"

"ಕರಸ್ರಿ. ಅವರ ಮನ್ಯಾಗೂ ಟಿವಿ ಐತಿ."

ಒಂಬತ್ತು ಗಂಟೆಗೆ ಸಿರುಗುಪ್ಪದ ಬಸ್ಸಿನಿಂದ ಜಡೆಮ್ಮ ಇಳಿದಳು. ಅವಳ ಹಿಂದೆ ಗಿರಣಿಯ ಹತ್ತು ಹೆಂಗಸರು. ಬಾದನಹಟ್ಟಿಯ ಗದ್ದೆಗಳಿಂದ ಇಪ್ಪತ್ತು, ಮೂವತ್ತು ಜನ ಬಂದರು. ಕುರುಗೋಡಿನಿಂದ ಒಬ್ಬ ಟೀಚರಮ್ಮ ಶಾಲೆಗೆ ರಜೆ ಹಾಕಿ ಬಂದಳು. ಯಾರೂ ಕೂಗಲಿಲ್ಲ. ಒಬ್ಬೊಬ್ಬರಾಗಿ ಬಂದು ಕಾಲುವೆಯ ಏರಿಯ ಮೇಲೆ ಸಾಲಾಗಿ ಕೂತರು. ಪಾರಮ್ಮ ಯಾರನ್ನೂ ಕರೆದಿರಲಿಲ್ಲ. ಜಡೆಮ್ಮನಿಗೊಬ್ಬಳಿಗೆ ಹೇಳಿದ್ದಳು, ಅಷ್ಟೇ!

ಮದರಾಸಿನ ನಾಯಕಿ ಕಾರಿನ ಗಾಜು ಏರಿಸಿ ಕೂತಳು. ಹಾಲಸಿದ್ದಪ್ಪನವರು ಹಲ್ಲು ಕಡಿಯುತ್ತ ಎರ್ರಿಸ್ವಾಮಿಯ ಕಡೆ ತಿರುಗಿದರು.

"ನಿನ್ನ ಮಾತು ಕೇಳ್ತಾಳಲ್ಲ ಆಕಿ. ಹೋಗಿ ಎಬ್ಬಸು."

ಎರ್ರಿಸ್ವಾಮಿ ನಿಧಾನವಾಗಿ ತೂಬಿನ ಹತ್ತಿರ ಬಂದ. ಪಾರಮ್ಮ ಮುಖ ಎತ್ತಲಿಲ್ಲ. 

"ಪಾರಮ್ಮಾ..." ಎಂದ. "ನಿಮ್ಮ ಗಂಡನ ಮನಿಯವರು ಇದಕ್ಕ ಏನೂ ಅನ್ನಂಗಿಲ್ಲೇನು?"

ಅವಳು ಸರಕ್ಕನೆ ತಲೆ ಎತ್ತಿದಳು. "ಯಾವ ಗಂಡ?"

"ಮದಿವಿ... ಆಗಲಿಲ್ಲೇನು?"

"ಯಾರ ಮದಿವಿ?"

"ನಿಮ್ದು! ಮಾವನ ಮಗನ ಜೋಡಿ ಗೊತ್ತಾಗೈತಿ, ಇನ್ನ ಬಣ್ಣ ಹಚ್ಚಂಗಿಲ್ಲ ಅಂತ ನೀವ ಹೇಳಿ ಕಳಿಸಿದ್ರಂತ..." ಅವನು ಹಿಂತಿರುಗಿ ಹಾಲಸಿದ್ದಪ್ಪನವರನ್ನು ನೋಡಿದ.

ಅವರು ಕೊಡೆಯ ಹಿಡಿಕೆಯನ್ನು ಸರಿಮಾಡಿಕೊಳ್ಳುವುದರಲ್ಲಿ ಮುಳುಗಿದ್ದರು.

ಏರಿಯ ಮೇಲಿನ ಹೆಂಗಸರೆಲ್ಲ ಹಾಲಸಿದ್ದಪ್ಪನವರ ಕಡೆ ತಿರುಗಿದರು. ಬಿಳಿಯ ಕುದುರೆ ಕೆನೆಯಿತು.

"ನನಗ ಮಾವ ಅನ್ನೋನ ಇಲ್ಲರಿ, ಮಾವನ ಮಗ ಎಲ್ಲಿಂದ ಬಂದ?" ಎಂದಳು ಪಾರಮ್ಮ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಆ ಹೀರೋಯಿನ್ನನ್ನ ನೀವ ಆರಿಸಿದ್ರಂತ?"

"ಆಕಿ ಹೆಸರೂ ನನಗ ಸರಿಯಾಗಿ ಗೊತ್ತಿಲ್ಲ."

"ಕಾಲಿಗೆ ಬೀಳೋದು ಬರದವರು?"

ಎರ್ರಿಸ್ವಾಮಿ ತಲೆ ತಗ್ಗಿಸಿದ. "ಮದರಾಸಿನ ಯಾರೋ ಬರದ್ರು. ನಾ ಓದಿದೆ. ಬ್ಯಾಡ ಅನ್ನಲಿಲ್ಲ. ನೀವು ಬ್ಯಾರೆಯವರ ಮನಿಗೆ ಹೋಗ್ತೀರಿ ಅಂತ ಕೇಳಿದ ಮ್ಯಾಲ... ನನಗ ಯಾವುದೂ ಬ್ಯಾಡಾಗಿತ್ತು ಪಾರಮ್ಮಾ."

ಇಷ್ಟು ದಿನ ಅವಳು ಕೇಳಬೇಕೆಂದಿದ್ದ ಮಾತು ಅದೇ. ಅಷ್ಟೊಂದು ಜನರ ಮುಂದೆ, ಬಿಸಿಲಲ್ಲಿ, ಬಂದೇಬಿಟ್ಟಿತು... ಆದರೆ ಅವಳ ಕಣ್ಣಲ್ಲಿ ನೀರಿನ ಜೊತೆ ಬೆಂಕಿಯೂ ಇತ್ತು.

"ಯಾರೋ ಹೇಳಿದ್ರು, ನೀವು ನಂಬಿದ್ರಿ. ರಾರಾವಿಗೆ ಬಸ್ ಇರಲಿಲ್ಲೇನು? ಬಂದು 'ಪಾರಮ್ಮಾ, ಇದು ಖರೇ ಏನು?' ಅಂತ ಒಂದು ಮಾತು ಕೇಳಾಕ ಆಗಲಿಲ್ಲ. ನಿಮ್ಮ ದುಃಖದಾಗ ಹಂಪಕ್ಕನ್ನೂ ಮುಳಗಿಸಿದ್ರಿ. ಆಕಿ ಏನ್ ತಪ್ಪು ಮಾಡಿದ್ಲು?"

 ಎರ್ರಿಸ್ವಾಮಿ ಕುತ್ತಿಗೆಯಲ್ಲಿದ್ದ, ದೃಶ್ಯದ ಚೌಕಟ್ಟು ನೋಡುವ ವ್ಯೂಫೈಂಡರ್ ತೆಗೆದು ಹಾಲಸಿದ್ದಪ್ಪನವರ ಕೈಗೆ ಕೊಟ್ಟ.

"ನಾ ಈ ಸಿನಿಮಾ ಮಾಡಂಗಿಲ್ರಿ."

"ಹಕ್ಕು ನಂದೈತಿ! ಬ್ಯಾರೆಯವರ ಕೈಲೆ ಮಾಡಿಸ್ತೀನಿ. ಇನ್ನ ಯಾವ ಸಿನಿಮಾದಾಗೂ ನಿನ್ನ ಹೆಸರು ಬರದಂಗ ಮಾಡ್ತೀನಿ, ತಿಳಕೋ!"

"ಮಾಡ್ರಿ" ಎಂದ ಎರ್ರಿಸ್ವಾಮಿ. ಹೋಗಿ ತೂಬಿನ ಇನ್ನೊಂದು ತುದಿಯಲ್ಲಿ, ಅವಳಿಂದ ಎರಡು ಮಾರು ದೂರ ಕೂತ.

ಮಧ್ಯಾಹ್ನದ ಹೊತ್ತಿಗೆ ವ್ಯಾನುಗಳು ಒಂದೊಂದಾಗಿ ಹೊರಟುಹೋದವು. ಪಾರಮ್ಮ ಬುತ್ತಿ ಬಿಚ್ಚಿದಳು. ಒಂದು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅವನ ಕಡೆ ಸರಿಸಿದಳು.

"ತಿನ್ರಿ. ಹಸದಿರ್ತೀರಿ" ಎಂದಳು. "ಆದ್ರ ನನ್ನ ಸಿಟ್ಟು ಇಳದಿಲ್ಲ."

"ಎಷ್ಟು ದಿನ ಬೇಕು?"

"ಅದನ್ನ ನಾ ಹೆಂಗ ಹೇಳ್ಲಿ?"

*

ಹಾಲಸಿದ್ದಪ್ಪನವರು ಮಾತಿಗೆ ತಪ್ಪಲಿಲ್ಲ. ಎಲ್ಲೋ ಮದರಾಸಿನ ಹತ್ತಿರ ಸೆಟ್ ಹಾಕಿಸಿ, ಬೇರೆ ನಿರ್ದೇಶಕನಿಂದ ಸಿನಿಮಾ ಮುಗಿಸಿದರು. ಎರ್ರಿಸ್ವಾಮಿಗೆ ಮದರಾಸಿನಲ್ಲೂ ಬೆಂಗಳೂರಿನಲ್ಲೂ ಬಾಗಿಲು ಮುಚ್ಚಿದವು.

ಅವನು ಬಳ್ಳಾರಿಗೆ ಮರಳಿದ. ಮದುವೆಗಳ ವಿಡಿಯೋ ತೆಗೆಯುವ ಕೆಲಸ ಹಿಡಿದ. ಭಾನುವಾರ ಬಂತೆಂದರೆ ಬಾಡಿಗೆಯ ಟಿವಿ, ಕ್ಯಾಸೆಟ್ ಹಾಕುವ ಯಂತ್ರ ಎರಡನ್ನೂ ಬಸ್ಸಿನ ಮೇಲೇರಿಸಿಕೊಂಡು, ಇನ್ನೂ ಟಿವಿ ಕಾಣದ ಹಳ್ಳಿಗಳಿಗೆ ಹೋಗುತ್ತಿದ್ದ. ಊರ ಕಟ್ಟೆಯ ಮೇಲೆ ಇಟ್ಟು ಹದಿಮೂರು ಕಂತನ್ನೂ ತೋರಿಸುತ್ತಿದ್ದ. "ಇದು ನಮ್ಮ ಪಾರಮ್ಮ ಮಾಡಿದ ಹಂಪಕ್ಕ. ಮುಂದ ಸಿನಿಮಾ ಒಂದು ಬರ್ತೈತಿ. ಎರಡೂ ನೋಡ್ರಿ, ನೀವ ಹೇಳ್ರಿ" ಎನ್ನುತ್ತಿದ್ದ.

ರಾರಾವಿಗೂ ಮೂರು ಸಲ ಬಂದ. ಮನೆಯೊಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ಪತ್ರದ ಚೀಲ ಕೊಟ್ಟು, "ಆರಾಮದೀರೇನು?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು ಹೋದ.

"ಎಷ್ಟು ದಿನ ನಿಲ್ಲಸ್ತೀ ಆ ಮನುಷ್ಯಾನ್ನ ಬಾಗಿಲಾಗ?" ಎಂದಳು ಪಕ್ಕೀರಮ್ಮ.

"ನಾನೇನು ನಿಂದ್ರು ಅಂದೀನೇನು?"

ಹಾಗಂದವಳೇ ಅವನು ತಿರುವಿನಲ್ಲಿ ಮರೆಯಾಗುವತನಕ ಕಿಟಕಿ ಬಿಟ್ಟು ಕದಲಲಿಲ್ಲ. ಸಿಟ್ಟು ಎಂದೋ ಇಳಿದಿತ್ತು. ಆದರೆ ಎರ್ರಿಸ್ವಾಮಿಯ ಮನೆಯವರು ಸಾವುಕಾರರು, ನಾವು ಕೂಲಿಯವರು. ಅವರ ಜಾತಿ ಬೇರೆ, ನಮ್ಮ ಜಾತಿ ಬೇರೆ. 'ಹಿತ್ತಲ ಬಾಗಿಲಿಂದ ಒಳಗ ಕರಕೊಳ್ಳೋ ಮನಿಗೆ ನಾ ಹೋಗಂಗಿಲ್ಲ. ತಲಬಾಗಿಲಿಂದ ಬಾ ಅನ್ನಾಕ ಅವನಿಗೆ ಬಾಯಿ ಬರಲಿ ಮೊದಲು...'

*

ಎಂಟು ತಿಂಗಳ ಮೇಲೆ ಸಿರುಗುಪ್ಪದ ಟಾಕೀಸಿಗೆ ಸಿನಿಮಾ ಬಂತು. ಬೇರೆ ಊರುಗಳಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಮ್ಯಾಟಿನಿಗೆ ಹೆಂಗಸರ ಸಾಲು ಬೀದಿ ತುಂಬಿತ್ತು. ಪಾರಮ್ಮನೂ ಜಡೆಮ್ಮನ ಜೊತೆ ಹೋಗಿ ಮಧ್ಯದ ಬೆಂಚಿನಲ್ಲಿ ಕೂತಳು.

ಪರದೆಯ ಮೇಲಿನ ಹಂಪಕ್ಕ ಜರಿ ಸೀರೆ ಉಟ್ಟಿದ್ದಳು. ರೇಡಿಯೋದ ವಾರ್ತೆಯ ಹಾಗೆ ಮಾತಾಡುತ್ತಿದ್ದಳು. ಅವಳ ಮನೆ ಕೆಲಸದವಳು 'ಐತಿ' ಅಂದಾಗಲೆಲ್ಲ ಹಿನ್ನೆಲೆಯಲ್ಲಿ ಪೀಪಿ ಊದುತ್ತಿದ್ದರು. ಟಾಕೀಸಿನಲ್ಲಿ ಒಬ್ಬರೂ ನಗಲಿಲ್ಲ.

ಕೊನೆಗೆ ಬಿಳಿ ಕುದುರೆ ಬಂತು. ನಾಯಕ ಕೈ ಚಾಚಿ "ಏಳು" ಎಂದ.

ಹಂಪಕ್ಕ ಎದ್ದಳು.

ಸಿರುಗುಪ್ಪದ ಹೆಂಗಸರೂ ಎದ್ದರು. ಎದ್ದು, ಸೆರಗು ಸರಿಮಾಡಿಕೊಂಡು, ಸದ್ದಿಲ್ಲದೆ ಬಾಗಿಲ ಕಡೆ ನಡೆದರು. ಅವಳು ಕಾಲಿಗೆ ಬೀಳುವ ಹೊತ್ತಿಗೆ ನೋಡಲು ಅಲ್ಲಿ ಯಾರೂ ಇರಲಿಲ್ಲ!

ಹೊರಗೆ ಬಿಸಿಲಲ್ಲಿ ಪಾರಮ್ಮ ಕಣ್ಣು ಕಿರಿದು ಮಾಡಿ ನಿಂತಳು.  ಹೆಂಗಸರ ಗುಂಪಿನ ನಡುವೆ ಚಿನ್ನದ ಅಂಚಿನ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿದ್ದ ಒಬ್ಬ ಹಿರಿಯ ಹೆಂಗಸು ನೇರವಾಗಿ ಅವಳ ಹತ್ತಿರವೇ ಬಂದರು. ಅವರ ಹಿಂದೆ ಎರ್ರಿಸ್ವಾಮಿ!

"ನಾ ಚನ್ನವೀರಮ್ಮ. ಇವನ ತಾಯಿ" ಎಂದರು ಅವರು. "ನಾನೂ ಎದ್ದು ಬಂದೆ ನೋಡವಾ. ಟಿವಿಯಾಗ ಹದಿಮೂರು ವಾರ ನಿನ್ನ ನೋಡೀನಿ. ಈ ಸಿನಿಮಾದಾಕಿ ಯಾರು, ನಡುವ ಬಂದಾಕಿ?"

 ಪಾರಮ್ಮ ಬಗ್ಗಿ ನಮಸ್ಕಾರ ಮಾಡಲು ಹೋದಾಗ ಚನ್ನವೀರಮ್ಮ ತೋಳು ಹಿಡಿದು ತಡೆದರು.

"ಬ್ಯಾಡ. ನೀ ಯಾರ ಕಾಲಿಗೂ ಬೀಳಬ್ಯಾಡ." ಆಮೇಲೆ ಮಗನ ಕಡೆ ತಿರುಗಿ, "ಹೇಳು ಈಗ. ಇಲ್ಲೇ ಹೇಳು. ನಾ ಅಲ್ಲಿ ನೆರಳಾಗ ನಿಂತಿರ್ತೀನಿ" ಎಂದು ಜಡೆಮ್ಮನ ಕೈ ಹಿಡಿದು ಆ ಕಡೆ ನಡೆದರು.

ಎರ್ರಿಸ್ವಾಮಿ ಈ ಸಲ ಕಣ್ಣು ತಪ್ಪಿಸಲಿಲ್ಲ.

"ನನಗ ನೀವು ಬೇಕು ಪಾರಮ್ಮಾ. ಹಂಪಕ್ಕ ಅಲ್ಲ... ನೀವು. ಹೊಳಿ ದಂಡ್ಯಾಗ ಹೇಳಬೇಕಾಗಿತ್ತು. ಧೈರ್ಯ ಆಗಲಿಲ್ಲ. ಅದರ ಫಲ ಉಂಡೀನಿ."

"ನಿಮ್ಮ ಅಪ್ಪಾವ್ರು?"

"ಮಾತು ಬಿಟ್ಟಾರ. ಅವ್ವ ಅವರಿಗೆ ಹೇಳ್ಯಾಳ, ಸೊಸಿ ತಲಬಾಗಿಲಿಂದನ ಬರ್ತಾಳ, ನೋಡಾಕ ಆಗಲಿಲ್ಲಂದ್ರ ಕಣ್ಣು ಮುಚ್ಚಿಕೊಳ್ರಿ ಅಂತ."

ಪಾರಮ್ಮನ ತುಟಿಯ ತುದಿಯಲ್ಲಿ ನಗು ಮೂಡಿತು. ಆದರೂ ಅಷ್ಟು ಸುಲಭಕ್ಕೆ ಬಿಡುವವಳೇ ಅವಳು?

"ನಾ ಗದ್ದಿ ಕೆಲಸ ಬಿಡಂಗಿಲ್ಲ."

"ಬಿಡಬ್ಯಾಡ್ರಿ."

"ನೀವು ಮುಂದ ಬರಿಯೋ ಕಥಿಯಾಗ ತಪ್ಪಿದ್ರ ಹಾಳಿ ಹರೀತೀನಿ."

"ಹರೀರಿ. ಅದಕ್ಕಂತನ ಎರಡು ಪ್ರತಿ ಬರೀತೀನಿ."

 ಪಾರಮ್ಮನ ಮುಖದ ಮೇಲಿನ ನಗು ಹಿಂದೆ ಸರಿದು, ದನಿ ಮೆತ್ತಗಾಯಿತು.

"ಇನ್ನ ಮುಂದ ಯಾರರ ಬಂದು ನನ್ನ ಬಗ್ಗಿ ನಿಮಗ ಏನರ ಹೇಳಿದ್ರ...?"

"ನಿಮ್ಮನ್ನ ಕೇಳ್ತೀನಿ."

"ನಾ ರಾರಾವ್ಯಾಗ ಇದ್ರ?"

"ಬಸ್ ಹತ್ತಿ ಬರ್ತೀನಿ."

"ಬಸ್ ಇಲ್ಲಂದ್ರ?"

"ನಡಕೊಂತ ಬರ್ತೀನಿ."

"ಹೊಳಿ ತುಂಬಿ ಬಂದು, ನಾ ಆಚೆ ದಂಡಿಗೆ ಇದ್ರ?"

ಎರ್ರಿಸ್ವಾಮಿ ತಡವರಿಸಿದ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನನಗ... ಈಜಾಕ ಬರಂಗಿಲ್ಲ ಪಾರಮ್ಮಾ."

ಪಾರಮ್ಮ ನಕ್ಕುಬಿಟ್ಟಳು. ಸಿರುಗುಪ್ಪದ ಬೀದಿಯಲ್ಲಿ, ಅಷ್ಟು ಜನರ ನಡುವೆ, ಅವಳೇ ಕೈ ಚಾಚಿ ಅವನ ಕೈ ಹಿಡಿದಳು.

"ನೀವು ದಂಡ್ಯಾಗ ನಿಂತು ಒಮ್ಮೆ ಕೂಗ್ರಿ ಸಾಕು" ಎಂದಳು. "ನನಗ ಈಜು ಬರ್ತೈತಿ. ನಾನ ಬರ್ತೀನಿ."